ಮೆಡಿಕಲ್ ಪದಗಳ ಪ್ರಿಫಿಕ್ಸ್ ನೆನಪಿಟ್ಟುಕೊಳ್ಳುವುದು ಹೇಗೆ? ಹೈಪೋ, ಹೈಪರ್ ಎಲ್ಲ ಕಲಸುಮೇಲೋಗರ

ಕೊಪ್ಪಳದ ಹುಡುಗಿ
ಎಲ್ಲರಿಗೂ ನಮಸ್ಕಾರ. ನಾನು ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮೊದಲ ವರ್ಷ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ, ಪಿಯುಸಿಯಲ್ಲಿ ಆರ್ಟ್ಸ್. ನಮ್ಮ ಮೇಡಂ ಮೆಡಿಕಲ್ ಪದಗಳ ಪ್ರಿಫಿಕ್ಸ್ (ಪದದ ಮುಂದೆ ಸೇರುವ ತುಂಡು) ಅಂತ ನಾಲ್ಕು ಪುಟದ ಪಟ್ಟಿ ಕೊಟ್ಟಿದ್ದಾರೆ. ಹೈಪೋ, ಹೈಪರ್, ಹೆಮಿ, ಹೀಮೋ, ಇಂಟರ್, ಇಂಟ್ರಾ, ಆಂಟಿ, ಆಂಟೆ, ಪೆರಿ, ಪ್ಯಾರಾ... ರಾತ್ರಿ ಬಾಯಿಪಾಠ ಮಾಡಿದ್ದು ಬೆಳಿಗ್ಗೆ ಅದಲುಬದಲು ಆಗಿರುತ್ತದೆ. ಇಂಟರ್ನಲ್ಸ್ ಹತ್ತಿರ ಬಂತು. ನೀವೆಲ್ಲ ಹೇಗೆ ಕಲಿತಿರಿ? ಇಂಗ್ಲಿಷ್ ಮೀಡಿಯಂನವರಿಗೆ ಇದೆಲ್ಲ ತಾನಾಗೇ ಬಂದುಬಿಡುತ್ತದಾ?

ನೈಟ್ ಡ್ಯೂಟಿ ಅಕ್ಕ
ಅವರಿಗೂ ಬರುವುದಿಲ್ಲ ತಂಗಿ, ತಲೆ ಕೆಡಿಸಿಕೊಳ್ಳಬೇಡ. ಇವು ಇಂಗ್ಲಿಷ್ ಪದಗಳೇ ಅಲ್ಲ. ಹೆಚ್ಚಿನವು ಗ್ರೀಕ್, ಉಳಿದವು ಲ್ಯಾಟಿನ್. ಕಾನ್ವೆಂಟಿನಲ್ಲಿ ಓದಿದವರ ಮನೆಯಲ್ಲೂ ಯಾರೂ ಗ್ರೀಕ್ ಮಾತಾಡುವುದಿಲ್ಲ.

ಆ ಪಟ್ಟಿ ಎ ಯಿಂದ ಝಡ್‌ವರೆಗೆ ಇದೆ ತಾನೆ? ಅದೇ ತೊಂದರೆ. ಅಕ್ಷರದ ಸಾಲಿನಲ್ಲಿ ಓದಿದರೆ ಒಂದೇ ಥರ ಕೇಳಿಸುವ ಪದಗಳೆಲ್ಲ ಅಕ್ಕಪಕ್ಕ ಬಂದು ಕೂರುತ್ತವೆ. ಅದನ್ನು ಬಿಟ್ಟು ಅರ್ಥದ ಮೇಲೆ ಜೋಡಿ ಮಾಡಿಕೋ. ಟ್ಯಾಕಿ ಅಂದರೆ ಬೇಗ, ಬ್ರಾಡಿ ಅಂದರೆ ನಿಧಾನ. ದೊಡ್ಡವರ ನಾಡಿ ನಿಮಿಷಕ್ಕೆ 100 ದಾಟಿದರೆ ಟ್ಯಾಕಿಕಾರ್ಡಿಯಾ, 60ರ ಕೆಳಗೆ ಇಳಿದರೆ ಬ್ರಾಡಿಕಾರ್ಡಿಯಾ. ಪಾಲಿ ಜಾಸ್ತಿ, ಆಲಿಗೋ ಕಡಿಮೆ. ಶುಗರ್ ಏರಿದವರಿಗೆ ಮೂತ್ರ ತುಂಬಾ ಜಾಸ್ತಿ ಆಗುತ್ತದಲ್ಲ, ಅದು ಪಾಲಿಯೂರಿಯಾ. ಕ್ಯಾತಿಟರ್ ಬ್ಯಾಗಿನಲ್ಲಿ ಇಡೀ ದಿನಕ್ಕೆ 400 ಎಂಎಲ್ ಕೂಡ ಆಗಿಲ್ಲ ಅಂದರೆ ಆಲಿಗೂರಿಯಾ. ಬಂದೇ ಇಲ್ಲ ಅನ್ನುವಷ್ಟಾದರೆ ಅನೂರಿಯಾ. ನೀನೇ ಬಗ್ಗಿ ಆ ಬ್ಯಾಗಿನ ಗೆರೆ ನೋಡಿ, ಚಾರ್ಟ್‌ನಲ್ಲಿ ಔಟ್‌ಪುಟ್ ಬರೆದ ಮೇಲೆ ಈ ಮೂರು ಪದ ಮರೆ ಅಂದರೂ ಮರೆಯುವುದಿಲ್ಲ.

ಸುಮ್ನೆ ಬಂದೋನು
ಆಲಿಗೋ ಅಂದ್ರೆ ಕಡಿಮೆ ಅಂತ ಇವತ್ತು ಗೊತ್ತಾಯ್ತು. ನನ್ನ ಕಾಯಿಲೆ ಆಲಿಗೋಸಂಬಳೋಸಿಸ್.

ಮೂಳೆ ಮೇಷ್ಟ್ರು
ಪಾಠ ಮಾಡುವವನಾಗಿ ಒಂದು ತಿದ್ದುಪಡಿ. ಹೀಮೋ (ರಕ್ತ) ಪ್ರಿಫಿಕ್ಸ್ ಅಲ್ಲ, ರೂಟ್. ಕಾರ್ಡಿಯೋ (ಹೃದಯ), ಗ್ಯಾಸ್ಟ್ರೋ (ಹೊಟ್ಟೆ), ನೆಫ್ರೋ (ಕಿಡ್ನಿ), ಆಸ್ಟಿಯೋ (ಮೂಳೆ) ಎಲ್ಲವೂ ರೂಟ್‌ಗಳೇ. ಅವು ಅಂಗದ ಹೆಸರನ್ನೋ ವಸ್ತುವಿನ ಹೆಸರನ್ನೋ ಹೇಳುತ್ತವೆ. ಪ್ರಿಫಿಕ್ಸ್ ಹೇಳುವುದು ಎಲ್ಲಿ, ಎಷ್ಟು, ಯಾವಾಗ, ಇದೆಯೋ ಇಲ್ಲವೋ ಅಷ್ಟನ್ನೇ. ಪದದ ಮೊದಲಲ್ಲಿ ಬಂದಿದೆ ಅಂದ ಮಾತ್ರಕ್ಕೆ ಪ್ರಿಫಿಕ್ಸ್ ಆಗುವುದಿಲ್ಲ. ಪೇಟೆಯಲ್ಲಿ ಸಿಗುವ ಗೈಡುಗಳು ಎರಡನ್ನೂ ಒಂದೇ ಪಟ್ಟಿಗೆ ಸುರಿದು ಮಕ್ಕಳನ್ನು ಹೆದರಿಸುತ್ತವೆ. ಪೆನ್ಸಿಲ್ ತಗೊಂಡು ಅಂಗದ ಹೆಸರುಗಳನ್ನೆಲ್ಲ ಹೊಡೆದುಹಾಕಮ್ಮ, ನಿಜವಾದ ಪ್ರಿಫಿಕ್ಸ್ ಎಷ್ಟು ಕಡಿಮೆ ಅಂತ ಆಗ ಗೊತ್ತಾಗುತ್ತದೆ.

ಇನ್ನೊಂದು. ಪದವನ್ನು ಬಾಲದಿಂದ ಓದಬೇಕು. ಪೆರಿಕಾರ್ಡೈಟಿಸ್ ತೆಗೆದುಕೋ. ಕೊನೆಯ ಐಟಿಸ್ ಅಂದರೆ ಉರಿಯೂತ. ಆಮೇಲೆ ಮುಂದಕ್ಕೆ ಬಾ, ಪೆರಿ ಅಂದರೆ ಸುತ್ತ. ಕೊನೆಗೆ ನಡುವಿನ ಕಾರ್ಡ್, ಹೃದಯ. ಹೃದಯದ ಸುತ್ತಲಿನ ಪೊರೆಯ ಉರಿಯೂತ. ಪೆರಿ ತೆಗೆದು ಎಂಡೋ ಹಾಕಿದರೆ ಒಳಗಿನ ಪದರಕ್ಕೆ ಬಂದದ್ದು. ಕನ್ನಡದವರಿಗೆ ಇದು ಸಲೀಸು. ನಮ್ಮ ಭಾಷೆಯಲ್ಲಿ ಪ್ರತ್ಯಯವೆಲ್ಲ ಹಿಂದೆಯೇ ಬರುವುದರಿಂದ ಬಾಲ ನೋಡುವುದು ನಮಗೆ ರೂಢಿ.

ಧಾರವಾಡ ಪೇಡೆ
ಸರ್, ರೂಟೋ ಪ್ರಿಫಿಕ್ಸೋ ಅನ್ನುವುದು ಪರೀಕ್ಷೆಯಲ್ಲಿ ಯಾರು ಕೇಳುತ್ತಾರೆ ರೀ? ಅರ್ಥ ಗೊತ್ತಿದ್ದರೆ ಸಾಕಲ್ಲ.

ಮೂಳೆ ಮೇಷ್ಟ್ರು
ಕೇಳುತ್ತೇವೆ. ಒಂದು ಮಾರ್ಕಿಗೆ ಕೇಳುತ್ತೇವೆ.

ಸಂಸ್ಕೃತ ಪ್ರಿಯ
ಯಾರೂ ಹೇಳದ ಸುಲಭದ ದಾರಿ ಇದೆ. ಗ್ರೀಕ್ ಮತ್ತು ಸಂಸ್ಕೃತ ಒಂದೇ ಭಾಷಾಕುಟುಂಬ. ಪೆರಿ ಅಂದರೆ ನಮ್ಮ ಪರಿ: ಪರಿಧಿ, ಪರಿಸರ. ಡಿಸ್ ಅಂದರೆ ದುಸ್, ದುರ್. ಉಸಿರಾಟ ಕಷ್ಟವಾದರೆ ಡಿಸ್ಪ್ನಿಯಾ, ನುಂಗಲು ಕಷ್ಟವಾದರೆ ಡಿಸ್‌ಫೇಜಿಯಾ. ಯು ಅಂದರೆ ಸು. ಥೈರಾಯ್ಡ್ ಸರಿಯಾಗಿದ್ದರೆ ಯುಥೈರಾಯ್ಡ್. ಇನ್ನು ಅ, ಅನ್ ಎರಡೂ ಹಾಗೇ ಇವೆ. ನಾವು ಅಶಾಂತಿ, ಅನಾರೋಗ್ಯ ಅನ್ನುತ್ತೇವೆ, ಅವರು ಅಪ್ನಿಯಾ (ಉಸಿರು ನಿಲ್ಲುವುದು), ಅನೂರಿಯಾ ಅನ್ನುತ್ತಾರೆ. ನಿಯಮವೂ ಅದೇ. ಮುಂದೆ ವ್ಯಂಜನ ಬಂದರೆ ಅ, ಸ್ವರ ಬಂದರೆ ಅನ್.

ಹೈಪೋ, ಹೈಪರ್ ಗೊಂದಲಕ್ಕೂ ಇಲ್ಲೇ ಮದ್ದು ಇದೆ. ಹೈಪೋ (ಕೆಳಗೆ, ಕಡಿಮೆ) ನಮ್ಮ ಉಪ, ಹೈಪರ್ (ಮೇಲೆ, ಜಾಸ್ತಿ) ನಮ್ಮ ಉಪರಿ. ಕೊನೆಯಲ್ಲಿ ರ ಇದ್ದರೆ ಮೇಲೆ ಅಂತ ಇಟ್ಟುಕೊಳ್ಳಿ.

ಕೊಪ್ಪಳದ ಹುಡುಗಿ
ಅಯ್ಯೋ ಇದು ಚೆನ್ನಾಗಿದೆ! ರ ಇದ್ದರೆ ಮೇಲೆ. ಬರೆದುಕೊಂಡೆ.

ಧಾರವಾಡ ಪೇಡೆ
ಸಂಸ್ಕೃತದ ದಾರಿ ಹಿಡಿದರೆ ಇಂಟರ್, ಇಂಟ್ರಾ ಹತ್ತಿರ ಗುಂಡಿಗೆ ಬೀಳುತ್ತೀರಿ ನೋಡ್ರಿ. ಅಂತರಂಗ, ಅಂತರ್ಜಲ ಅಂದರೆ ಒಳಗೆ. ಅಂತರಜಿಲ್ಲಾ, ಅಂತರರಾಷ್ಟ್ರೀಯ ಅಂದರೆ ನಡುವೆ. ನಾವು ಎರಡಕ್ಕೂ ಹೆಚ್ಚುಕಮ್ಮಿ ಒಂದೇ ಪದ ಬಳಸುತ್ತೇವೆ. ಅಲ್ಲಿ ಹಾಗಿಲ್ಲ. ಇಂಟರ್‌ಕಾಸ್ಟಲ್ ಅಂದರೆ ಪಕ್ಕೆಲುಬುಗಳ ನಡುವಿನದು. ಇಂಟ್ರಾಮಸ್ಕ್ಯುಲರ್ ಅಂದರೆ ಸ್ನಾಯುವಿನ ಒಳಗೆ ಕೊಡುವ ಇಂಜೆಕ್ಷನ್.

ಸುಮ್ನೆ ಬಂದೋನು
ಇಂಟರ್‌ಕಾಸ್ಟ್ ಮದುವೆ ಅಂದರೆ ಎರಡು ಜಾತಿಗಳ ನಡುವೆ. ಇಂಟರ್‌ಕಾಸ್ಟಲ್ ಅಂದರೆ ಎರಡು ಪಕ್ಕೆಲುಬುಗಳ ನಡುವೆ. ಮೊದಲನೆಯದು ಮಾಡಿಕೊಂಡರೆ ಅಪ್ಪ ಎರಡನೆಯದಕ್ಕೆ ಗುದ್ದುತ್ತಾರೆ. ಇನ್ನು ಮರೆಯಲ್ಲ ಬಿಡಿ.

ಬಂಟ್ವಾಳ ಫಾರ್ಮಸಿ
ಎಂಥ ಮಾರಾಯ್ರೆ ನೀವು. ಆದರೂ ಉಪಾಯ ಒಳ್ಳೆಯದುಂಟು.

ಇಂಟ್ರಾ ವಿಷಯದಲ್ಲಿ ಒಂದು ಗಂಭೀರ ಮಾತು. ಇಂಟ್ರಾ ಅಂತ ಓದಿ ನಿಲ್ಲಿಸಬೇಡಿ, ಅದರ ಮುಂದಿನದು ಮುಖ್ಯ. ಇಂಟ್ರಾವೀನಸ್ ಅಂದರೆ ರಕ್ತನಾಳದೊಳಗೆ. ಇಂಟ್ರಾಥೀಕಲ್ ಅಂದರೆ ಬೆನ್ನುಹುರಿಯ ಸುತ್ತಲಿನ ದ್ರವದೊಳಗೆ. ವಿನ್‌ಕ್ರಿಸ್ಟಿನ್ ಅಂತ ಕ್ಯಾನ್ಸರಿನ ಔಷಧಿ ಇದೆ. ಅದು ರಕ್ತನಾಳಕ್ಕೆ ಮಾತ್ರ. ತಪ್ಪಿ ಬೆನ್ನಿಗೆ ಹೋದರೆ ಜೀವ ಉಳಿಯುವುದು ತೀರಾ ಅಪರೂಪ. ಬೇರೆ ಬೇರೆ ದೇಶಗಳಲ್ಲಿ ಹೀಗೆ ಆಗಿ ಜನ ಸತ್ತಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಇದಕ್ಕಂತಲೇ ಎಚ್ಚರಿಕೆ ಹೊರಡಿಸಿತು. ಸಿರಿಂಜಿನಲ್ಲಿ ತುಂಬಿಡಬೇಡಿ, ಸಣ್ಣ ಸಲೈನ್ ಬ್ಯಾಗಿನಲ್ಲಿ ಬೆರೆಸಿ ಕೊಡಿ ಅಂತ. ಬ್ಯಾಗ್ ನೋಡಿದರೆ ಯಾರೂ ಅದನ್ನು ಬೆನ್ನಿಗೆ ಚುಚ್ಚಲು ಹೋಗುವುದಿಲ್ಲ, ಅದಕ್ಕೆ.

ಮಲ್ಲೇಶ್ವರಂ ಸೊಸೆ
ಇಲ್ಲಿ ಕೇಳಬಹುದಾ ಗೊತ್ತಿಲ್ಲ, ಹೈಪೋ ಬಗ್ಗೆ ಮಾತು ಬಂತು ಅಂತ ಕೇಳುತ್ತಿದ್ದೇನೆ. ನಮ್ಮ ಅತ್ತೆಯವರ ರಿಪೋರ್ಟ್‌ನಲ್ಲಿ ಟಿಎಸ್‌ಎಚ್ 12 ಬಂದಿದೆ, ಪಕ್ಕದಲ್ಲಿ ಮೇಲ್ಮುಖ ಬಾಣ ಇದೆ. ಡಾಕ್ಟರ್ ಮಾತ್ರ ಹೈಪೋಥೈರಾಯ್ಡ್ ಅಂತ ಬರೆದಿದ್ದಾರೆ. ಜಾಸ್ತಿ ಇದ್ದರೆ ಹೈಪರ್ ಆಗಬೇಕಲ್ವಾ? ತಪ್ಪು ಬರೆದಿದ್ದಾರಾ?

ಟೆಸ್ಟ್‌ಟ್ಯೂಬ್
ಸರಿಯಾಗೇ ಬರೆದಿದ್ದಾರೆ ಮೇಡಂ. ಟಿಎಸ್‌ಎಚ್ ಥೈರಾಯ್ಡ್ ಮಾಡುವ ಹಾರ್ಮೋನ್ ಅಲ್ಲ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಥೈರಾಯ್ಡಿಗೆ ಕಳಿಸುವ ಆರ್ಡರ್ ಅದು. ಕೆಲಸದವನು ಸೋಮಾರಿಯಾದಷ್ಟೂ ಮೇಸ್ತ್ರಿ ಜೋರಾಗಿ ಕೂಗುತ್ತಾನಲ್ಲ, ಹಾಗೆ. ಥೈರಾಯ್ಡ್ ಕೆಲಸ ಕಡಿಮೆಯಾದರೆ ಟಿಎಸ್‌ಎಚ್ ಏರುತ್ತದೆ. ಹೈಪೋ ಅನ್ನುವುದು ಗ್ರಂಥಿಯ ಕೆಲಸಕ್ಕೆ, ಬಾಣ ಇರುವುದು ಟಿಎಸ್‌ಎಚ್‌ಗೆ. ಲ್ಯಾಬ್ ಕೌಂಟರಿನಲ್ಲಿ ದಿನಾ ಕೇಳುವ ಪ್ರಶ್ನೆ ಇದು. ಮಾತ್ರೆ ವಿಷಯ ಡಾಕ್ಟರನ್ನೇ ಕೇಳಿ.

ಮಲ್ಲೇಶ್ವರಂ ಸೊಸೆ
ಥ್ಯಾಂಕ್ಸ್. ಅತ್ತೆಗೆ ಮೇಸ್ತ್ರಿ ಕಥೆಯನ್ನೇ ಹೇಳಿದೆ, ಒಪ್ಪಿಕೊಂಡರು.

ಕೊಪ್ಪಳದ ಹುಡುಗಿ
ಹಾಗಾದರೆ ಪ್ರಿಫಿಕ್ಸ್ ಯಾವುದಕ್ಕೆ ಅಂಟಿದೆ ಅಂತಾನೂ ನೋಡಬೇಕು! ಇದು ಪಟ್ಟಿಯಲ್ಲಿ ಇರಲೇ ಇಲ್ಲ.

ಮೂಳೆ ಮೇಷ್ಟ್ರು
ಹೈಪೋಗೆ ಎರಡು ಅರ್ಥ ಇದೆ ಅಂತಾನೂ ಪಟ್ಟಿಯಲ್ಲಿ ಇರಲಿಕ್ಕಿಲ್ಲ. ಬಿಪಿ, ಶುಗರ್ ವಿಷಯದಲ್ಲಿ ಹೈಪೋ ಅಂದರೆ ಕಡಿಮೆ. ಅನಾಟಮಿಯಲ್ಲಿ ಕೆಳಗೆ. ಹೈಪೊಡರ್ಮಿಕ್ ಸೂಜಿ ಚರ್ಮದ ಕೆಳಗೆ ಹೋಗುವುದು. ಹೈಪೊಥಲಾಮಸ್ ಮೆದುಳಿನ ಥಲಾಮಸ್ ಅನ್ನುವ ಭಾಗದ ಕೆಳಗಿರುವುದು. 12ನೇ ಕ್ರೇನಿಯಲ್ (ಮೆದುಳಿನಿಂದ ಹೊರಡುವ) ನರ ಹೈಪೊಗ್ಲಾಸಲ್, ನಾಲಿಗೆಯ ಕೆಳಗೆ ಹಾದು ಬರುವುದು. ಅದನ್ನು 'ಕಡಿಮೆ ನಾಲಿಗೆ' ಅಂತ ಬರೆದ ಉತ್ತರಪತ್ರಿಕೆ ಪ್ರತಿ ವರ್ಷ ನೋಡುತ್ತೇನೆ.

ಸುಮ್ನೆ ಬಂದೋನು
ಕಡಿಮೆ ನಾಲಿಗೆ ಇರುವವರು ಈ ಥ್ರೆಡ್‌ನಲ್ಲಿ ಒಬ್ಬರೂ ಇಲ್ಲ.

ಟೆಸ್ಟ್‌ಟ್ಯೂಬ್
ಲ್ಯಾಬ್ ಕಡೆಯಿಂದ ನಾನೂ ಒಂದು ಹೇಳುತ್ತೇನೆ, ಇದು ಪರೀಕ್ಷೆಗಲ್ಲ, ಕೆಲಸಕ್ಕೆ. ಫೋನಿನಲ್ಲಿ ಹೈಪೋ, ಹೈಪರ್ ಹೇಳಲೇಬೇಡಿ. ಹೈಪೋಕಲೇಮಿಯಾ ಅಂದರೆ ರಕ್ತದಲ್ಲಿ ಪೊಟ್ಯಾಸಿಯಂ ಕಡಿಮೆ. ಹೈಪರ್‌ಕಲೇಮಿಯಾ ಅಂದರೆ ಜಾಸ್ತಿ. ಎರಡೂ ಹೃದಯದ ಬಡಿತ ಕೆಡಿಸುತ್ತವೆ, ಚಿಕಿತ್ಸೆ ಮಾತ್ರ ಪೂರ್ತಿ ಉಲ್ಟಾ. ಕಡಿಮೆ ಇದ್ದವರಿಗೆ ಪೊಟ್ಯಾಸಿಯಂ ಕೊಡುತ್ತಾರೆ. ಜಾಸ್ತಿ ಇದ್ದವರಿಗೆ ಅದನ್ನೇ ಕೊಟ್ಟರೆ ಹೃದಯ ನಿಲ್ಲಬಹುದು. ಇದರ ಜೊತೆ ಹೈಪೋಕ್ಯಾಲ್ಸೀಮಿಯಾ ಬೇರೆ ಇದೆ, ಅದು ಕ್ಯಾಲ್ಸಿಯಂ ಕಡಿಮೆಯಾಗಿರುವುದು. ವಾರ್ಡಿನಲ್ಲಿ ಹತ್ತು ಜನ ಮಾತಾಡುತ್ತಿರುತ್ತಾರೆ, ಮಾನಿಟರ್ ಕೂಗುತ್ತಿರುತ್ತದೆ. ಅದರ ನಡುವೆ ಈ ಮೂರು ಕಿವಿಗೆ ಒಂದೇ.

ಅದಕ್ಕೆ ನಾನು ಹೇಳುವುದು ಹೀಗೆ: 'ಬೆಡ್ 7, ಪೊಟ್ಯಾಸಿಯಂ 6.4, ಜಾಸ್ತಿ ಇದೆ. ತಿರುಗಿ ಹೇಳಿ ಸಿಸ್ಟರ್.' ಅವರು ಸಂಖ್ಯೆ ತಿರುಗಿ ಹೇಳುವವರೆಗೆ ಫೋನ್ ಇಡುವುದಿಲ್ಲ.

ನೈಟ್ ಡ್ಯೂಟಿ ಅಕ್ಕ
ನೂರಕ್ಕೆ ನೂರು ನಿಜ. ಲ್ಯಾಬಿನವರು ತಿರುಗಿ ಹೇಳಿ ಅಂದಾಗ ಹೊಸ ಹುಡುಗಿಯರಿಗೆ ಸಿಟ್ಟು ಬರುತ್ತದೆ. ಬರಬಾರದು. ನಮ್ಮ ಕಡೆಯಿಂದ ಡಾಕ್ಟರಿಗೆ ಫೋನ್ ಮಾಡುವಾಗಲೂ ಇದೇ ರೂಢಿ ಮಾಡಿಕೊಳ್ಳಿ. ಪ್ರಿಫಿಕ್ಸ್ ಓದಲಿಕ್ಕೆ, ಸಂಖ್ಯೆ ಹೇಳಲಿಕ್ಕೆ.

ಮಂಡ್ಯ ಆಶಾ
ನಮ್ ಕಡೆ ಹ ಅಕ್ಷರ ಬಾಯಿಗೇ ಬರಲ್ಲ. ಐಪರ್ ಬಿಪಿ, ಐಪೋ ಶುಗರ್ ಅಂತೀವಿ. ಸಂಖ್ಯೆ ಹೇಳೋದೇ ಒಳ್ಳೇದು.

ನಾನು ಆಶಾ ಕಾರ್ಯಕರ್ತೆ. ಎಎನ್‌ಸಿ (ಆಂಟೆನೇಟಲ್ ಕೇರ್), ಪಿಎನ್‌ಸಿ (ಪೋಸ್ಟ್‌ನೇಟಲ್ ಕೇರ್) ಅಂತ ದಿನಾ ಹೇಳ್ತಿದ್ದೆ, ಬಿಡಿಸಿ ನೋಡಿರಲಿಲ್ಲ. ತಾಯಿ ಕಾರ್ಡ್ ತುಂಬುವಾಗ ನಮ್ಮ ಸಿಸ್ಟರ್ ಹೇಳಿಕೊಟ್ಟರು. ಆಂಟೆ ಅಂದರೆ ಮೊದಲು, ಪೋಸ್ಟ್ ಅಂದರೆ ಆಮೇಲೆ, ನೇಟಲ್ ಅಂದರೆ ಹೆರಿಗೆ, ಹುಟ್ಟು. ಆದರೆ ಎಷ್ಟೋ ಬೋರ್ಡುಗಳಲ್ಲಿ ಆಂಟಿನೇಟಲ್ ಅಂತ ಬರೆದಿರ್ತಾರೆ.

ಸಂಸ್ಕೃತ ಪ್ರಿಯ
ಆಂಟಿ ಅಂದರೆ ವಿರುದ್ಧ. ಆಂಟಿಬಯೋಟಿಕ್, ಆಂಟಿಸೆಪ್ಟಿಕ್. ಆಂಟಿನೇಟಲ್ ಕ್ಲಿನಿಕ್ ಅಂದರೆ ಹೆರಿಗೆ ವಿರೋಧಿ ಕ್ಲಿನಿಕ್ ಆಯಿತು.

ಸುಮ್ನೆ ಬಂದೋನು
ಆಂಟಿಯರು ಹೋಗುವ ಕ್ಲಿನಿಕ್ ಅಂತ ಇರಬೇಕು ಬಿಡಿ.

ಡಬ್ಲಿನ್ ಕನ್ನಡತಿ
ಐರ್ಲೆಂಡಿನಲ್ಲಿ ನರ್ಸ್ ಆಗಿದ್ದೇನೆ, ಮೂಲ ಹಾವೇರಿ ಕಡೆ. ಸ್ಪೆಲ್ಲಿಂಗ್ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಪುಸ್ತಕಗಳಲ್ಲಿ ಬ್ರಿಟಿಷ್ ಸ್ಪೆಲ್ಲಿಂಗ್ ಜಾಸ್ತಿ. ಹೀಮೋದಲ್ಲಿ ಎಚ್ ಆದ ಮೇಲೆ ಎ, ಇ ಎರಡೂ ಇರುತ್ತವೆ. ಅಮೆರಿಕದ ಪುಸ್ತಕದಲ್ಲಿ ಎ ಮಾಯ. ಈಡೀಮಾ (ಊತ), ಈಸೊಫೇಗಸ್ (ಅನ್ನನಾಳ) ಇನ್ನೂ ತಮಾಷೆ. ಬ್ರಿಟಿಷ್ ಪುಸ್ತಕದಲ್ಲಿ ಓ ಅಕ್ಷರದ ಕೆಳಗೆ ಹುಡುಕಬೇಕು, ಅಮೆರಿಕದ್ದರಲ್ಲಿ ಇ ಕೆಳಗೆ. ಕನ್ನಡ ಮೀಡಿಯಂ ಮಕ್ಕಳು ಇಂಡೆಕ್ಸ್‌ನಲ್ಲಿ ಪದ ಸಿಗಲಿಲ್ಲ ಅಂತ ತಮ್ಮನ್ನೇ ಬೈದುಕೊಳ್ಳುತ್ತಾರೆ. ಅಮೆರಿಕದ ಸ್ಪೆಲ್ಲಿಂಗ್‌ನಲ್ಲಿ ಹೀಮೋ, ಹೆಮಿ ಎರಡೂ ಎಚ್ ಇ ಎಂ ಅಂತಲೇ ಶುರುವಾಗುತ್ತವೆ, ಅದಕ್ಕೇ ಗೊಂದಲ. ಹೆಮಿ ಅಂದರೆ ಅರ್ಧ. ಲಕ್ವಾ ಹೊಡೆದು ದೇಹದ ಒಂದು ಪಕ್ಕ ಬಿದ್ದುಹೋದರೆ ಹೆಮಿಪ್ಲೀಜಿಯಾ. ಎರಡೂ ಕಾಲು ಹೋದರೆ ಪ್ಯಾರಾಪ್ಲೀಜಿಯಾ.

ಧಾರವಾಡ ಪೇಡೆ
ಫಿಜಿಯೋಥೆರಪಿಯವನಾಗಿ ಅಬ್, ಆ್ಯಡ್ ಸೇರಿಸುತ್ತೇನೆ. ಕೈಯನ್ನು ಮೈಯಿಂದ ದೂರ ಎತ್ತಿದರೆ ಅಬ್‌ಡಕ್ಷನ್, ಮೈ ಕಡೆಗೆ ತಂದರೆ ಆ್ಯಡಕ್ಷನ್. ಕಿವಿಗೆ ಎರಡೂ ಒಂದೇ. ಅದಕ್ಕೆ ನಮ್ಮಲ್ಲಿ ಎ-ಬಿ-ಡಕ್ಷನ್, ಎ-ಡಿ-ಡಕ್ಷನ್ ಅಂತ ಅಕ್ಷರ ಬಿಡಿಸಿಯೇ ಹೇಳುತ್ತಾರೆ. ಕೂಡಿಸುವುದಕ್ಕೆ ಆ್ಯಡ್ ಅನ್ನುತ್ತೀವಲ್ಲ, ಮೈಗೆ ಕೂಡಿಸುವುದು ಆ್ಯಡಕ್ಷನ್. ನಿಂತುಕೊಂಡು ಕೈ ಆಡಿಸುತ್ತಾ ಹೇಳಿಕೊಳ್ಳಿ, ಕೂತು ಓದಿದರೆ ಬರುವುದಿಲ್ಲ.

ಕೊಪ್ಪಳದ ಹುಡುಗಿ
ಪ್ಯಾರಾ ಬಗ್ಗೆ ಕೇಳಬೇಕಿತ್ತು. ಪಟ್ಟಿಯಲ್ಲಿ ಪ್ಯಾರಾ ಅಂದರೆ ಪಕ್ಕದಲ್ಲಿ ಅಂತ ಇದೆ. ಪ್ಯಾರಾಥೈರಾಯ್ಡ್ ಸರಿ, ಥೈರಾಯ್ಡ್ ಪಕ್ಕದ್ದು. ಪ್ಯಾರಾಸಿಟಮಾಲ್ ಯಾವುದರ ಪಕ್ಕ?

ಬಂಟ್ವಾಳ ಫಾರ್ಮಸಿ
ಒಳ್ಳೆ ಪ್ರಶ್ನೆ. ಅದು ದೇಹದ ಲೆಕ್ಕದ ಪ್ಯಾರಾ ಅಲ್ಲ, ಕೆಮಿಸ್ಟ್ರಿ ಲೆಕ್ಕದ್ದು. ಪ್ಯಾರಾ ಅಸಿಟೈಲ್ ಅಮೈನೋ ಫಿನಾಲ್ ಅನ್ನುವ ಉದ್ದ ಹೆಸರನ್ನು ಕತ್ತರಿಸಿ ಪ್ಯಾರಾಸಿಟಮಾಲ್ ಮಾಡಿದ್ದಾರೆ. ಬೆಂಜೀನ್ ಉಂಗುರದಲ್ಲಿ ಎರಡು ಗುಂಪು ಎದುರುಬದುರು ಕೂತರೆ ಅದಕ್ಕೆ ಪ್ಯಾರಾ ಅನ್ನುವುದು. ಔಷಧಿ ಹೆಸರುಗಳಿಗೆ ಈ ಪ್ರಿಫಿಕ್ಸ್ ಪಟ್ಟಿ ಹಿಡಿದು ಹೋಗಬೇಡಿ. ಅಲ್ಲಿ ಬಾಲ ನೋಡಬೇಕು. ಓಲಾಲ್ ಅಂತ ಮುಗಿದರೆ ಅಟೆನೊಲಾಲ್ ಥರ ಬೀಟಾ ಬ್ಲಾಕರ್ (ಬಿಪಿ, ಹೃದಯದ ಮಾತ್ರೆ), ಪ್ರಝೋಲ್ ಅಂತ ಮುಗಿದರೆ ಒಮೆಪ್ರಝೋಲ್ ಥರ ಗ್ಯಾಸ್ಟ್ರಿಕ್ ಮಾತ್ರೆ.

ಸಂಸ್ಕೃತ ಪ್ರಿಯ
ಮೂಲದಲ್ಲಿ ಆ ಪ್ಯಾರಾವೂ ಗ್ರೀಕ್‌ನದೇ.

ಬಂಟ್ವಾಳ ಫಾರ್ಮಸಿ
ಮೂಲ ಒಂದೇ, ಸ್ವಾಮಿ. ಕೆಲಸ ಬೇರೆ. ಅಂಗಡಿಯಲ್ಲಿ ನನಗೆ ಕೆಲಸ ಮುಖ್ಯ.

ಕೊಪ್ಪಳದ ಹುಡುಗಿ
ಎಲ್ಲರಿಗೂ ಥ್ಯಾಂಕ್ಸ್. ಪಟ್ಟಿಯನ್ನು ಹೊಸದಾಗಿ ಬರೆಯುತ್ತಿದ್ದೇನೆ. ಜೋಡಿಗಳು ಒಂದು ಕಡೆ, ರೂಟ್‌ಗಳು ಬೇರೆ ಕಡೆ. ಇನ್ನು ಮಯೋ, ಮಯೆಲೋ, ಮೈಕೋ ಉಳಿದಿವೆ. ಇವು ರೂಟ್ ಅಂತ ಗೊತ್ತು ಸರ್, ಬೈಬೇಡಿ.

ಮೂಳೆ ಮೇಷ್ಟ್ರು
ಬೈಯುವುದಿಲ್ಲ. ಮಯೋ ಸ್ನಾಯು. ಮಯೆಲೋ ಅಂದರೆ ಮಜ್ಜೆ, ಕೆಲವು ಪದಗಳಲ್ಲಿ ಬೆನ್ನುಹುರಿ. ಮೈಕೋ ಅಂದರೆ ಶಿಲೀಂಧ್ರ, ಫಂಗಸ್. 2021ರಲ್ಲಿ ಕೋವಿಡ್ ಎರಡನೇ ಅಲೆಯಲ್ಲಿ ಎಲ್ಲರ ಬಾಯಲ್ಲೂ ಇದ್ದ ಬ್ಲ್ಯಾಕ್ ಫಂಗಸ್‌ನ ಸರಿಯಾದ ಹೆಸರು ಮ್ಯೂಕರ್‌ಮೈಕೋಸಿಸ್.

ಟೆಸ್ಟ್‌ಟ್ಯೂಬ್
ಓದಿದ್ದು ಸಾಕು, ಈಗ ಪರೀಕ್ಷೆ. ಪ್ಯಾನ್‌ಸೈಟೋಪೀನಿಯಾ. ಪುಸ್ತಕ ನೋಡದೆ ಒಡೆದು ಹೇಳು.

ಕೊಪ್ಪಳದ ಹುಡುಗಿ
ಬಾಲದಿಂದ... ಪೀನಿಯಾ ಕೊರತೆ. ಪ್ಯಾನ್ ಎಲ್ಲ. ಸೈಟೋ ಕಣ. ರಕ್ತದ ಎಲ್ಲ ಥರದ ಕಣಗಳೂ ಕಡಿಮೆ ಆಗಿರುವುದು?

ಟೆಸ್ಟ್‌ಟ್ಯೂಬ್
ಭೇಷ್! ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್ ಮೂರೂ ಕಡಿಮೆ. ಮುಂದಿನದು ಸ್ವಲ್ಪ ಕಷ್ಟ. ಅಝೂಸ್ಪರ್ಮಿಯಾ. ಎಲ್ಲಿ ಒಡೆಯಬೇಕು ಅನ್ನುವುದೇ ಪ್ರಶ್ನೆ.

ನೈಟ್ ಡ್ಯೂಟಿ ಅಕ್ಕ
ಅ ಒಂದೇ ಪ್ರಿಫಿಕ್ಸ್. ಝೂ ಅಂದರೆ ಜೀವಿ, ಝೂಆಲಜಿಯಲ್ಲಿ ಇರುವುದೇ. ವೀರ್ಯದಲ್ಲಿ ವೀರ್ಯಾಣು ಇಲ್ಲವೇ ಇಲ್ಲ. ಇದ್ದು ಕಡಿಮೆ ಇದ್ದರೆ ಆಲಿಗೋಸ್ಪರ್ಮಿಯಾ. ನೋಡು ತಂಗಿ, ಇಲ್ಲಿ ಅ ಅಂದರೆ ಪೂರ್ತಿ ಇಲ್ಲ. ಅನೀಮಿಯಾದಲ್ಲಿ ಮಾತ್ರ ರಕ್ತ ಇಲ್ಲ ಅಂತಲ್ಲ, ಕಡಿಮೆ ಅಂತ. ಗರ್ಭಿಣಿಗೆ ಹಿಮೋಗ್ಲೋಬಿನ್ 11ಕ್ಕಿಂತ ಕೆಳಗೆ ಇದ್ದರೆ ಅನೀಮಿಯಾ ಅಂತ ಬರೆಯುತ್ತೇವೆ. ರೋಗಿಗೆ ವಿವರಿಸುವಾಗ 'ರಕ್ತ ಇಲ್ಲ' ಅಂದುಬಿಟ್ಟರೆ ಗಾಬರಿ ಬೀಳುತ್ತಾರೆ.

ಮಂಡ್ಯ ಆಶಾ
ಹೌದು, 'ಮೈಯಲ್ಲಿ ರಕ್ತಾನೇ ಇಲ್ವಂತೆ' ಅಂತ ಊರೆಲ್ಲ ಸುದ್ದಿ ಆಗುತ್ತದೆ.

ಸುಮ್ನೆ ಬಂದೋನು
ಒಂದು ಡೌಟು. ಪ್ಯಾನ್ ಅಂದರೆ ಎಲ್ಲ, ಕಾರ್ಡ್ ಅಂದರೆ ಹೃದಯ. ಹಾಗಾದರೆ ಪ್ಯಾನ್ ಕಾರ್ಡ್ ಅಂದರೆ ಇಡೀ ಹೃದಯವಾ? ಆಧಾರ್ ಜೊತೆ ಲಿಂಕ್ ಮಾಡಬೇಕಲ್ಲ.

ಮೂಳೆ ಮೇಷ್ಟ್ರು
ನೀವು ತಮಾಷೆಗೆ ಅಂದಿರಿ, ಪ್ಯಾನ್‌ಕಾರ್ಡೈಟಿಸ್ ನಿಜವಾಗಿಯೂ ಇದೆ. ರುಮ್ಯಾಟಿಕ್ ಫೀವರ್ ಬಂದ ಮಕ್ಕಳಲ್ಲಿ ಹೃದಯದ ಮೂರೂ ಪದರಕ್ಕೆ ಒಟ್ಟಿಗೆ ಉರಿಯೂತ ಆಗಬಹುದು. ಎಂಡೋ, ಮಯೋ, ಪೆರಿ ಮೂರೂ ಸೇರಿದರೆ ಪ್ಯಾನ್. ಕೊಪ್ಪಳದ ಹುಡುಗಿ, ಇದನ್ನು ಬರೆದುಕೋ.

ಕೊಪ್ಪಳದ ಹುಡುಗಿ
ಬರೆದುಕೊಂಡೆ ಸರ್. ಇದನ್ನೂ ಒಂದು ಮಾರ್ಕಿಗೆ ಕೇಳುತ್ತೀರಾ?

ಮೂಳೆ ಮೇಷ್ಟ್ರು
ಎರಡು.